ಎಕ್ಲಿಪ್ಸ್‌ನಲ್ಲಿ ಜಾವಾ 8, ಜಾವಾ 17 ಎರಡೂ ಬೇಕು: ಯಾವ ಪ್ರಾಜೆಕ್ಟಿಗೆ ಯಾವುದು ಅಂತ ಹೇಳುವುದೆಲ್ಲಿ?

ಪ್ರಶ್ನೆ
ನಾನು ಜಾವಾ ಕೋಡ್ ಬರೆಯಲು ಬಳಸುವ ಎಕ್ಲಿಪ್ಸ್ ತಂತ್ರಾಂಶದಲ್ಲಿ, ಒಂದೇ ವರ್ಕ್‌ಸ್ಪೇಸ್‌ನಲ್ಲಿ ಎರಡು ಪ್ರಾಜೆಕ್ಟ್ ಇವೆ. ಹಳೆಯದು ಜಾವಾ 8 ಇರುವ ಸರ್ವರ್‌ನಲ್ಲಿ ಓಡಬೇಕು, ಹೊಸದಕ್ಕೆ 17 ಬೇಕು. ಹಳೆಯದರ ಕಂಪ್ಲಯನ್ಸ್ ಲೆವೆಲ್ 1.8 ಅಂತಲೇ ಇದೆ, ಎಕ್ಲಿಪ್ಸ್ ಒಂದು ಎರರನ್ನೂ ತೋರಿಸುವುದಿಲ್ಲ. ಸರ್ವರ್‌ಗೆ ಹಾಕಿದ ಮೇಲೆ ಮಾತ್ರ ಸ್ಟ್ರಿಂಗ್‌ನ 'ಈಸ್‌ಬ್ಲ್ಯಾಂಕ್' ಕರೆಯುವ ಸಾಲಿನಲ್ಲಿ 'ನೋಸಚ್‌ಮೆಥಡ್‌ಎರರ್' (ಅಂಥ ಮೆಥಡ್ ಇಲ್ಲ ಅನ್ನುವ ಎರರ್) ಬರುತ್ತದೆ. ಯಾಕೆ?

ಉತ್ತರ 1
ಕಂಪ್ಲಯನ್ಸ್ ಲೆವೆಲ್ ನೋಡಿಕೊಳ್ಳುವುದು ಭಾಷೆಯ ಸಿಂಟ್ಯಾಕ್ಸ್ ಮತ್ತು ಕ್ಲಾಸ್ ಫೈಲ್ ಆವೃತ್ತಿಯನ್ನಷ್ಟೇ. ಲೈಬ್ರರಿ ಬರುವುದು ಬಿಲ್ಡ್ ಪಾತ್‌ನಿಂದ (ಪ್ರಾಜೆಕ್ಟ್ ಬಳಸುವ ಲೈಬ್ರರಿಗಳ ಪಟ್ಟಿ), ಅಲ್ಲಿ 17 ಕೂತಿದೆ. 'ಈಸ್‌ಬ್ಲ್ಯಾಂಕ್' ಸೇರಿದ್ದೇ ಜಾವಾ 11ರಲ್ಲಿ. ಕಂಪೈಲರ್‌ಗೆ ಸಿಕ್ಕಿತು, ಸರ್ವರ್‌ಗೆ ಸಿಗಲಿಲ್ಲ.

ಪ್ರಿಫರೆನ್ಸಸ್ → ಜಾವಾ → ಇನ್‌ಸ್ಟಾಲ್ಡ್ ಜೆಆರ್‌ಇಸ್‌ಗೆ (ಜೆಆರ್‌ಇ ಎಂದರೆ ಜಾವಾ ಓಡಿಸುವ ಭಾಗ) ಹೋಗಿ ಎರಡೂ ಜೆಡಿಕೆ (ಕಂಪೈಲರ್ ಸಹಿತದ ಜಾವಾ ಕಿಟ್) ಸೇರಿಸಿ (ಮ್ಯಾಕ್ ಆದರೆ 'ಕಂಟೆಂಟ್ಸ್/ಹೋಮ್' ಫೋಲ್ಡರ್‌ವರೆಗೂ ಹೋಗಬೇಕು). ಅದರ ಕೆಳಗೇ ಇರುವ ಎಕ್ಸಿಕ್ಯೂಶನ್ ಎನ್ವಿರಾನ್ಮೆಂಟ್ಸ್‌ನಲ್ಲಿ 'ಜಾವಾಎಸ್‌ಇ-1.8' ಆರಿಸಿ, ಬಲಗಡೆ ಜೆಡಿಕೆ 8ಕ್ಕೆ ಟಿಕ್ ಹಾಕಿ. ಈ ಟಿಕ್ ಮರೆತರೆ ಮೇಲೆ 1.8 ಅಂತ ಬರೆದಿದ್ದರೂ ಒಳಗೆ 17 ಬಂದು ಕೂರಬಹುದು. ಕೊನೆಗೆ ಬಿಲ್ಡ್ ಪಾತ್‌ನ ಜೆಆರ್‌ಇ ಸಿಸ್ಟಮ್ ಲೈಬ್ರರಿಯಲ್ಲಿ 'ಎಕ್ಸಿಕ್ಯೂಶನ್ ಎನ್ವಿರಾನ್ಮೆಂಟ್' ಆರಿಸಿ. 'ಆಲ್ಟರ್ನೇಟ್ ಜೆಆರ್‌ಇ' ಬೇಡವೇ ಬೇಡ: ನಿಮ್ಮ ಮಷೀನ್‌ನಲ್ಲಿ ಆ ಜೆಡಿಕೆಗೆ ಇಟ್ಟ ಹೆಸರೇ ಪ್ರಾಜೆಕ್ಟಿನ ಬಿಲ್ಡ್ ಪಾತ್ ಬರೆದಿಡುವ '.ಕ್ಲಾಸ್‌ಪಾತ್' ಫೈಲಿಗೆ ಹೋಗುತ್ತದೆ, ಜೊತೆಗಿರುವವರ ಮಷೀನ್‌ನಲ್ಲಿ ಆ ಹೆಸರು ಇಲ್ಲದಿದ್ದರೆ ಬಿಲ್ಡ್ ಮುರಿಯುತ್ತದೆ.

ಉತ್ತರ 2
ಮೇವನ್ (ಜಾವಾ ಪ್ರಾಜೆಕ್ಟ್ ಬಿಲ್ಡ್ ಮಾಡುವ ಸಾಧನ) ಪ್ರಾಜೆಕ್ಟ್ ಆಗಿದ್ದರೆ ಇದಿಷ್ಟೇ ಸಾಲದು. 'ಅಪ್‌ಡೇಟ್ ಪ್ರಾಜೆಕ್ಟ್' ಒತ್ತಿದ ತಕ್ಷಣ ಕೈಯಾರೆ ಮಾಡಿದ್ದು ಅಳಿಸಿ, ಪಾಮ್ ಫೈಲ್‌ನಲ್ಲಿ (ಮೇವನ್‌ನ ಸೆಟ್ಟಿಂಗ್ ಫೈಲ್) ಇರುವುದೇ ಮತ್ತೆ ಬರುತ್ತದೆ. ಆವೃತ್ತಿಯನ್ನು ಅಲ್ಲೇ ಬರೆಯಿರಿ. ಟರ್ಮಿನಲ್‌ನಲ್ಲಿ ಓಡುವ ಮೇವನ್ ನೋಡುವುದು ಮಷೀನ್‌ನ 'ಜಾವಾ_ಹೋಮ್' ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ ಅನ್ನು, ಎಕ್ಲಿಪ್ಸ್ ಸೆಟ್ಟಿಂಗನ್ನಲ್ಲ. ಅಲ್ಲಿ 17 ಇದ್ದರೆ 'ಮೇವನ್.ಕಂಪೈಲರ್.ರಿಲೀಸ್' 8 ಎಂದು ಕೊಡಿ. 'ಈಸ್‌ಬ್ಲ್ಯಾಂಕ್' ಕಂಪೈಲ್ ಹಂತದಲ್ಲೇ ಸಿಕ್ಕಿಬೀಳುತ್ತದೆ. ಜೆಡಿಕೆ 8ರ ಕಂಪೈಲರ್‌ಗೆ ಮಾತ್ರ ಈ ಆಯ್ಕೆ ಗೊತ್ತಿಲ್ಲ, ಅದು ಬಂದದ್ದು 9ರಲ್ಲಿ.

ಪ್ರಶ್ನೆ ಕೇಳಿದವರು
ಟಿಕ್ ಹಾಕಿರಲಿಲ್ಲ, ಅದೇ ಕಾರಣ. ಈಗ ಎರರ್ ಎಕ್ಲಿಪ್ಸ್‌ನಲ್ಲೇ ಕಾಣುತ್ತಿದೆ. 'ಎಕ್ಲಿಪ್ಸ್.ಐಎನ್‌ಐ'ನಲ್ಲೂ 8 ಕೊಡಬೇಕೇ?

ಉತ್ತರ 1
ಬೇಡ. ಅಲ್ಲಿರುವ '-ವಿಎಂ' ಎಕ್ಲಿಪ್ಸ್ ತಾನು ಓಡಲಿಕ್ಕೆ ಬಳಸುವ ಜಾವಾ. 2022-09ರ ಆವೃತ್ತಿಯಿಂದ ಅದಕ್ಕೆ ಕನಿಷ್ಠ 17 ಬೇಕಾಯಿತು, ಈಚಿನ ಆವೃತ್ತಿಗಳಿಗೆ 21 ಬೇಕು, 8 ಕೊಟ್ಟರೆ ತೆರೆಯುವುದೇ ಇಲ್ಲ. ಬರೆಯುವಾಗ '-ವಿಎಂ' ಒಂದು ಸಾಲು, ಪಾತ್ ಮುಂದಿನ ಸಾಲು, ಎರಡೂ '-ವಿಎಂಆರ್ಗ್ಸ್'ಗಿಂತ ಮೇಲಿರಬೇಕು.

ರನ್ ಕಾನ್ಫಿಗರೇಶನ್‌ನ ಜೆಆರ್‌ಇ ಟ್ಯಾಬನ್ನೂ ಒಮ್ಮೆ ತೆರೆದು ನೋಡಿ. ಅಲ್ಲಿ ಹಿಂದೆ ಆರಿಸಿದ್ದು ಹಾಗೇ ಉಳಿದಿರುತ್ತದೆ. ಹೊಸ ಪ್ರಾಜೆಕ್ಟ್ ಓಡಿಸಿದಾಗ 'ಕ್ಲಾಸ್ ಫೈಲ್ ವರ್ಷನ್ 61.0, 52.0 ವರೆಗೆ ಮಾತ್ರ' ಅನ್ನುವ ಅರ್ಥದ ಎರರ್ ಬಂದರೆ, 17ಕ್ಕೆ ಕಟ್ಟಿದ್ದನ್ನು 8ರಲ್ಲಿ ಓಡಿಸುತ್ತಿದ್ದೀರಿ ಎಂದರ್ಥ.