ಫಾಕ್ಸ್‌ಪ್ರೊ ನಂಬಿಕೊಂಡು ಇನ್ನೆಷ್ಟು ದಿನ?

ಪ್ರಶ್ನೆ: ಮೇಡಂ, ನಮಸ್ಕಾರ. ಶಿರಸಿ ಕಡೆಯ ಒಂದು ಅಡಿಕೆ ಮಂಡಿಯ ಲೆಕ್ಕದ ಪ್ರೋಗ್ರಾಂ ನೋಡಿಕೊಳ್ಳುತ್ತಿದ್ದೇನೆ. ವಿಷುಯಲ್ ಫಾಕ್ಸ್‌ಪ್ರೊ 9 ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಬರೆದವರು ಈಗಿಲ್ಲ. ಮೊನ್ನೆ ವಿಂಡೋಸ್ 11 ಇರುವ ಹೊಸ ಕಂಪ್ಯೂಟರ್ ತಂದೆವು, ಅದರಲ್ಲೂ ಓಡುತ್ತಿದೆ. ಈ ಭಾಷೆಗೆ ಮುಂದೆ ದಾರಿ ಇದೆಯಾ? ಚೆನ್ನಾಗಿ ಕಲಿಯಲಾ, ಬಿಟ್ಟುಬಿಡಲಾ?

ಉತ್ತರ: ಭಾಷೆಗೆ ಮುಂದೆ ದಾರಿ ಇಲ್ಲ. ನಿಮ್ಮ ಪ್ರೋಗ್ರಾಮಿಗೆ ಇನ್ನೂ ಸ್ವಲ್ಪ ಕಾಲ ಇದೆ. 1992ರಲ್ಲಿ ಮೈಕ್ರೋಸಾಫ್ಟ್ ಫಾಕ್ಸ್‌ಪ್ರೊವನ್ನು ಕೊಂಡಿತು. 2007ರಲ್ಲಿ ಹತ್ತನೇ ಆವೃತ್ತಿ ಬರಲ್ಲ ಅಂತ ಹೇಳಿತು. ಒಂಬತ್ತಕ್ಕಿದ್ದ ಬೆಂಬಲವೂ 2015ರ ಜನವರಿಗೆ ಮುಗಿಯಿತು. ಆದರೂ ಓಡುತ್ತಿರುವುದು ಯಾಕೆ ಅಂದ್ರೆ, 64 ಬಿಟ್ ವಿಂಡೋಸ್ ಹಳೆಯ 32 ಬಿಟ್ ಪ್ರೋಗ್ರಾಂಗಳಿಗೆ ಇವತ್ತಿಗೂ ಜಾಗ ಕೊಟ್ಟಿದೆ.

ನಾನೂ ಬಹಳ ವರ್ಷ ಇದರಲ್ಲೇ ಕೆಲಸ ಮಾಡಿದವಳು. ನಾಲ್ಕು ಸಾಲು ಬರೆದರೆ ರೈತನ ಮುಂಗಡ, ಬಾಕಿ ಎಲ್ಲ ಎದುರಿಗೆ ಬರುತ್ತಿತ್ತು. ಅಷ್ಟು ಸಲೀಸು ನನಗೆ ಬೇರೆಲ್ಲೂ ಸಿಕ್ಕಿಲ್ಲ. ಹಾಗಂತ ಹೊಸದೇನನ್ನೂ ಇದರಲ್ಲಿ ಶುರು ಮಾಡಬೇಡಿ. ಬರೆದಿರುವುದನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟು ಕಲಿಯಿರಿ. ದಲಾಲಿ, ಹಮಾಲಿ ಕಳೆಯುವ ಲೆಕ್ಕ ಇರುವುದು ಅಲ್ಲೇ ಅಲ್ವಾ?

ಪ್ರಶ್ನೆ: ರೈತರ ಹೆಸರೆಲ್ಲ ನುಡಿ ಫಾಂಟಿನಲ್ಲಿವೆ ಮೇಡಂ. ಎಕ್ಸೆಲ್‌ಗೆ ತೆಗೆದರೆ ಒಂದಕ್ಷರವೂ ಓದಲು ಬರುತ್ತಿಲ್ಲ.

ಉತ್ತರ: ನೀವು ಫಾಕ್ಸ್‌ಪ್ರೊ ಬಿಟ್ಟು ಹೊರಡಬೇಕಾದ ದೊಡ್ಡ ಕಾರಣವೇ ಇದು. ಫಾಕ್ಸ್‌ಪ್ರೊದ ಟೆಕ್ಸ್ಟ್ ಬಾಕ್ಸ್ ಯೂನಿಕೋಡ್ ಕನ್ನಡ, ಅಂದ್ರೆ ಈಗ ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಬಳಸುವ ಕನ್ನಡ, ತೋರಿಸುವುದಿಲ್ಲ. ಅದಕ್ಕೇ ಆಗ ಎಲ್ಲರೂ ನುಡಿ, ಬರಹ ಫಾಂಟ್ ಹಾಕಿದ್ದು. ಫೈಲಿನೊಳಗೆ ಇರುವುದು ಕನ್ನಡವೇ ಅಲ್ಲ. ಫಾಂಟ್ ತೆಗೆದರೆ ‘ಕ’ ಇದ್ದ ಕಡೆ ಇಂಗ್ಲಿಷಿನ ದೊಡ್ಡ ಪಿ ಕಾಣಿಸುತ್ತದೆ.

ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತಿನ ಮೇಲೆ ಕಣ್ಣಿಡಿ. ‘ಪಾರ್ವತಿ’ ಅನ್ನೋ ಹೆಸರನ್ನೇ ನೋಡಿ: ನುಡಿಯಲ್ಲಿ ಅದು ‘ವ’ ಆದ ಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ‘ವ’ಗಿಂತ ಮುಂಚೆ ಬರಬೇಕು. ಸುಮ್ನೆ ಒಂದಕ್ಕೊಂದು ಬದಲಿಸಿದರೆ ಪಾರ್ವತಿ ಹೋಗಿ ‘ಪಾವರ್ತಿ’ ಆಗುತ್ತಾಳೆ. ಮೊದಲು ಐವತ್ತು ಹೆಸರು ಬದಲಿಸಿ, ಪ್ರಿಂಟ್ ತೆಗೆದು, ಮಂಡಿಯ ಹಳೆಯ ಗುಮಾಸ್ತರ ಕೈಲಿ ಓದಿಸಿ. ಆ ಹೆಸರುಗಳು ಅವರಿಗೆ ಬಾಯಿಪಾಠ ಇರುತ್ತವೆ.

ಇನ್ನೊಂದು. ಫಾಕ್ಸ್‌ಪ್ರೊದಲ್ಲಿ ಅಳಿಸಿದ ಸಾಲು ನಿಜವಾಗಿ ಹೋಗಿರುವುದಿಲ್ಲ. ಅಳಿಸಿದ್ದು ಅನ್ನೋ ಗುರುತು ಮಾತ್ರ ಬಿದ್ದಿರುತ್ತದೆ, ಪ್ಯಾಕ್ ಆಜ್ಞೆ ಕೊಟ್ಟು ಪೂರ್ತಿ ತೆಗೆಯುವ ತನಕ ಅಲ್ಲೇ ಇರುತ್ತದೆ. ಆ ಗುರುತು ನೋಡದೆ ಎತ್ತಿದರೆ, ರದ್ದಾದ ಬಿಲ್ಲುಗಳೂ ಲೆಕ್ಕಕ್ಕೆ ಸೇರಿ ಬಾಕಿ ಜಾಸ್ತಿ ತೋರಿಸುತ್ತದೆ. ರೈತರ ದುಡ್ಡಿನ ವಿಷಯ, ಒಂದು ರೂಪಾಯಿಯೂ ತಪ್ಪಬಾರದು.

ಪ್ರಶ್ನೆ: ಎಕ್ಸ್-ಶಾರ್ಪ್ ಅನ್ನೋ ಹೊಸ ಭಾಷೆಗೆ ಹೋದರೆ ಹಳೇ ಕೋಡ್ ಹಾಗೇ ನಡೆಯುತ್ತಂತೆ, ಹೌದಾ?

ಉತ್ತರ: ಅದಕ್ಕೆ ಫಾಕ್ಸ್‌ಪ್ರೊ ಆಜ್ಞೆಗಳು ಅರ್ಥವಾಗುತ್ತವೆ ನಿಜ. ಲೆಕ್ಕದ ಭಾಗಕ್ಕೆ ನೋಡಬಹುದು. ಫಾರ್ಮ್‌ಗಳೂ ಹಾಗೇ ಬಂದುಬಿಡುತ್ತವೆ ಅಂತ ಮಂಡಿಯವರಿಗೆ ಮಾತು ಕೊಡಬೇಡಿ. ಏನೇ ಮಾಡುವ ಮುಂಚೆ ಇವತ್ತೇ ಇಡೀ ಫೋಲ್ಡರ್ ಇನ್ನೊಂದು ಡಿಸ್ಕಿಗೆ ನಕಲು ಮಾಡಿ. ಮಾಹಿತಿ ಇರುವ ಡಿಬಿಎಫ್ ಫೈಲ್ ಒಂದನ್ನೇ ಎತ್ತಬೇಡಿ. ಮೆಮೊ ಕಾಲಂನಲ್ಲಿ ಬರೆದ ಷರಾಗಳೆಲ್ಲ ಪಕ್ಕದ ಎಫ್‌ಪಿಟಿ ಫೈಲಿನಲ್ಲಿರುತ್ತವೆ.