ಕಚೇರಿಯಲ್ಲಿ ಕೈಗೆ ಬರುವ ಪೇಡೆಯನ್ನು ಬೇಡವೆನ್ನುವುದು ಹೇಗೆ?

ಪ್ರಶ್ನೆ: ಲೆಕ್ಕ ಶಾಖೆಯವಳು, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಸರ್ಕಾರಿ ಕಚೇರಿಯೊಂದರ ಲೆಕ್ಕ ಶಾಖೆಯಲ್ಲಿ ಪ್ರಥಮ ದರ್ಜೆ ಸಹಾಯಕಿ. ವಯಸ್ಸು 41. ಎರಡು ತಿಂಗಳ ಹಿಂದೆ ರಕ್ತ ಪರೀಕ್ಷೆ ಮಾಡಿಸಿದಾಗ ಖಾಲಿ ಹೊಟ್ಟೆಯ ಸಕ್ಕರೆ 112, ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ 6.1 ಬಂದಿತು. ವೈದ್ಯರು ಮಾತ್ರೆ ಬರೆಯಲಿಲ್ಲ; ಮಧುಮೇಹದ ಹೊಸ್ತಿಲ ಮೇಲೆ ನಿಂತಿದ್ದೀರಿ, ಇನ್ನೂ ಒಳಗೆ ಕಾಲಿಟ್ಟಿಲ್ಲ, ಆರು ತಿಂಗಳಲ್ಲಿ ಐದು ಕಿಲೋ ಇಳಿಸಿಕೊಂಡು ಬನ್ನಿ ಎಂದು ಹೇಳಿ ಕಳಿಸಿದರು.

ಮನೆಯಲ್ಲಿ ಪಥ್ಯ ಅಷ್ಟೇನೂ ಕಷ್ಟವಾಗಿಲ್ಲ. ರಾತ್ರಿ ಅನ್ನ ಬಿಟ್ಟು ಒಂದೂವರೆ ಜೋಳದ ರೊಟ್ಟಿ, ಪಲ್ಯ, ಮಜ್ಜಿಗೆಗೆ ಇಳಿದಿದ್ದೇನೆ; ಬೆಳಿಗ್ಗೆ ಕೆಲಗೇರಿ ಕೆರೆಯ ದಂಡೆಯ ಮೇಲೆ 40 ನಿಮಿಷ ನಡೆಯುತ್ತೇನೆ. ಕಷ್ಟವಿರುವುದು ಹತ್ತರಿಂದ ಐದೂವರೆಯವರೆಗೆ. ನಮ್ಮಲ್ಲಿ 26 ಜನರಿದ್ದೇವೆ, ಸಿಹಿ ಹಂಚುವುದಕ್ಕೆ ನೆಪಗಳಿಗೆ ಬರವೇ ಇಲ್ಲ. ಬಡ್ತಿ, ನಿವೃತ್ತಿ, ಹೊಸ ಸ್ಕೂಟರ್, ಮೊಮ್ಮಗ ಹುಟ್ಟಿದ್ದು, ಮಗಳಿಗೆ ಸೀಟು ಸಿಕ್ಕಿದ್ದು, ವರ್ಗಾವಣೆ ಆದದ್ದು, ಆದ ವರ್ಗಾವಣೆ ರದ್ದಾದದ್ದು, ಎಲ್ಲಕ್ಕೂ ಪೇಡೆಯ ಡಬ್ಬಿ ಬರುತ್ತದೆ. ತಿರುಪತಿಗೆ ಹೋಗಿ ಬಂದವರ ಲಡ್ಡು, ಬೆಳಗಾವಿಯಿಂದ ಬಂದವರ ಕುಂದಾ, ಗೋಕಾಕದ ಕರದಂಟು ಬೇರೆ.

ಕಳೆದ ವಾರ ಹಿರಿಯ ಸಹೋದ್ಯೋಗಿಯೊಬ್ಬರು ಡಬ್ಬಿ ತೆರೆದುಕೊಂಡು ನನ್ನ ಮೇಜಿನ ಮುಂದೆ ನಿಂತರು. ನಾನು ಒಂದನ್ನು ತೆಗೆದು, ಆಮೇಲೆ ತಿಂದರಾಯಿತೆಂದು ಬಿಲ್ಲುಗಳ ಕಟ್ಟಿನ ಮೇಲೆ ಕಾಗದ ಹಾಸಿ ಇಟ್ಟೆ. ಅವರು ಕದಲಲಿಲ್ಲ. "ನನ್ನ ಮುಂದನ ತಿನ್ರಿ, ಒಂದ್ ಪೇಡೆದಿಂದ ಏನಾಗತೈತ್ರಿ" ಎಂದರು. ಶಾಖೆಯವರೆಲ್ಲ ತಲೆ ಎತ್ತಿ ನೋಡತೊಡಗಿದಾಗ ತಿಂದೆ. ಒಂಟಿ ಕೊಡಬಾರದೆಂದು ಇನ್ನೊಂದನ್ನೂ ಇಟ್ಟು ಮುಂದಿನ ಮೇಜಿಗೆ ಹೋದರು. ಸಂಜೆಯವರೆಗೂ ಕೀಲಿಮಣೆಯ ಸಂದುಗಳಲ್ಲಿ ಪೇಡೆಯ ಸಕ್ಕರೆ ಪುಡಿ ಬೆಳ್ಳಗೆ ಕಾಣುತ್ತಿತ್ತು. ಅವರೊಬ್ಬರದೇ ತಪ್ಪೆಂದು ನಾನು ಹೇಳಲಾರೆ. ಹನ್ನೊಂದೂವರೆಯ ಹೊತ್ತಿಗೆ ಹುರಿದ ಖೋವಾದ ವಾಸನೆ ಮೂಗಿಗೆ ಬಿದ್ದರೆ ನನ್ನ ಬಾಯಿಯೂ ಸುಮ್ಮನಿರುವುದಿಲ್ಲ, ಎರಡನೆಯದನ್ನು ತಿಂದವಳು ನಾನೇ.

ಕಾಯಿಲೆಯ ವಿಷಯವನ್ನು ಎಲ್ಲರಿಗೂ ಹೇಳಿಬಿಡುವುದು ಸರಳವೆಂದು ನನ್ನ ಯಜಮಾನರು ಹೇಳುತ್ತಾರೆ. ಆದರೆ ನಮ್ಮ ಕಚೇರಿಯಲ್ಲಿ ಬೆಳಿಗ್ಗೆ ಹೇಳಿದ್ದು ಸಂಜೆಯೊಳಗೆ ಬೀಗರ ಮನೆಯನ್ನು ಮುಟ್ಟುತ್ತದೆ. ಹೇಳದೆ, ಯಾರ ಮನಸ್ಸನ್ನೂ ನೋಯಿಸದೆ, ಅದರಲ್ಲೂ ಪ್ರಸಾದವೆಂದು ಕೊಟ್ಟಾಗ ಅಪಚಾರವೆನಿಸದಂತೆ ತಪ್ಪಿಸಿಕೊಳ್ಳುವ ದಾರಿ ಯಾರಿಗಾದರೂ ಸಿಕ್ಕಿದೆಯೇ?

ಉತ್ತರ 1: ನಿವೃತ್ತ ಶಿರಸ್ತೇದಾರ, ಹಾವೇರಿ

ತಂಗೀ, ನಿಮ್ಮ ಪತ್ರ ಓದಿ ನನ್ನ ಸೇವಾವಧಿಯೇ ಕಣ್ಣ ಮುಂದೆ ಬಂತು. ನನಗೆ ಸಕ್ಕರೆ ಕಾಯಿಲೆ ಬಂದಾಗ ನಿವೃತ್ತಿಗೆ ಇನ್ನೂ 14 ವರ್ಷಗಳಿದ್ದವು, ಆ ಅಷ್ಟೂ ವರ್ಷ ಇದೇ ಡಬ್ಬಿಗಳ ನಡುವೆ ಕಳೆದಿದ್ದೇನೆ.

ಸಿಹಿ ತಂದವರಿಗೆ ಬೇಕಾಗಿರುವುದು ನೀವು ಅವರ ಸಂತೋಷವನ್ನು ಒಪ್ಪಿಕೊಳ್ಳುವುದು. ಪೇಡೆ ಅದರ ಸಾಕ್ಷಿಯಷ್ಟೇ. ಆದ್ದರಿಂದ ಡಬ್ಬಿ ಮುಂದೆ ಬಂದಾಗ "ಬೇಡ" ಎಂಬ ಮಾತಿನಿಂದ ಆರಂಭಿಸಬೇಡಿ. ಎದ್ದು ನಿಲ್ಲಿ, ಮಗಳಿಗೆ ಯಾವ ಕಾಲೇಜು, ಯಾವ ವಿಷಯ, ಹಾಸ್ಟೆಲೋ ಮನೆಯಿಂದಲೋ ಎಂದು ನಿಜವಾದ ಆಸ್ಥೆಯಿಂದ ಕೇಳಿ. ಎರಡು ನಿಮಿಷ ಮಾತಾಡಿದ ಮೇಲೆ ಒಂದು ಪೇಡೆಯ ಚೂರನ್ನು ಮುರಿದು ಅವರ ಮುಂದೆಯೇ ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಮನೆಗೆ ಒಯ್ಯುತ್ತೇನೆ ಎಂದು ಕಟ್ಟಿಕೊಳ್ಳಿ. ಕುಳಿತಲ್ಲಿಂದಲೇ, ಫೈಲಿನಿಂದ ಕಣ್ಣೆತ್ತದೆ, ಕೈ ಅಲ್ಲಾಡಿಸಿ ಬೇಡವೆಂದವರ ಮೇಲೆಯೇ ಜನ ಸಿಟ್ಟಾಗುವುದನ್ನು ನಾನು ಕಂಡಿದ್ದೇನೆ. ಪ್ರಸಾದಕ್ಕಂತೂ ಪ್ರಮಾಣವೇ ಇಲ್ಲ. ಕಣ್ಣಿಗೊತ್ತಿಕೊಂಡು ಕಾಳಿನಷ್ಟು ಬಾಯಿಗೆ ಹಾಕಿಕೊಂಡರೂ ಅದು ಪ್ರಸಾದವೇ, ಇಡೀ ಲಡ್ಡು ತಿಂದರೆ ಪುಣ್ಯ ಹೆಚ್ಚುತ್ತದೆಂದು ನಮ್ಮ ಹಿರಿಯರು ಎಲ್ಲಿಯೂ ಹೇಳಿಲ್ಲ.

ಆದರೆ ನಾನು ಮಾಡಿದ ಒಂದು ತಪ್ಪನ್ನು ನೀವು ಮಾಡಬೇಡಿ. ಕಟ್ಟಿಟ್ಟ ಸಿಹಿಯನ್ನು ನಾನು ಮನೆಗೆ ಒಯ್ಯುತ್ತಿರಲಿಲ್ಲ, ನಮ್ಮ ಜವಾನನ ಕೈಗೆ ಕೊಡುತ್ತಿದ್ದೆ, ಅವನು ನಕ್ಕು ತೆಗೆದುಕೊಳ್ಳುತ್ತಿದ್ದ. ನನ್ನ ಹಾಗೆಯೇ ಇನ್ನೂ ನಾಲ್ಕೈದು ಜನ ತಮ್ಮ ಪಾಲನ್ನು ಅವನಿಗೇ ದಾಟಿಸುತ್ತಿದ್ದರೆಂಬುದು, ಒಂದು ದಿನ ಕಾಲಿನ ಹುಣ್ಣು ಮಾಯದೆ ಅವನು ರಜೆ ಕೇಳಲು ಬಂದಾಗಲೇ ನನಗೆ ತಿಳಿದದ್ದು. ಬೇಡವೆಂದು ಹೇಳುವುದು ನಮಗೆ ಕಷ್ಟವಾದರೆ, ಅವನಿಗೆ ಅದು ಸಾಧ್ಯವೇ ಇರಲಿಲ್ಲ. ಆಮೇಲೆ ನಾನು ಡಬ್ಬಿಯಿಂದ ತೆಗೆಯುವಾಗಲೇ ಅರ್ಧ ಪೇಡೆ ಮುರಿದು, ಉಳಿದರ್ಧವನ್ನು ಡಬ್ಬಿಯಲ್ಲೇ ಬಿಡಲು ಕಲಿತೆ.

ಉತ್ತರ 2: ಆಹಾರ ತಜ್ಞೆ, ಬೆಂಗಳೂರು

ಮೇಡಂ, ಹಿರಿಯರು ಹೇಳಿದ ಮಾತಿಗೆ ನಾನು ಸೇರಿಸುವುದೇನೂ ಇಲ್ಲ. ನನ್ನ ಪ್ರಶ್ನೆ ಬೇರೆಯದು. ನೀವು ಪೇಡೆಯ ಬಗ್ಗೆ ಇಷ್ಟೆಲ್ಲ ಬರೆದಿದ್ದೀರಿ, ಚಹಾದ ಬಗ್ಗೆ ಒಂದು ಅಕ್ಷರವನ್ನೂ ಬರೆದಿಲ್ಲ. ಕಚೇರಿಯಲ್ಲಿ ದಿನಕ್ಕೆ ಎಷ್ಟು ಚಹಾ ಕುಡಿಯುತ್ತೀರಿ?

ಮೂರು ಎಂದು ಹಿಡಿದುಕೊಂಡು ಲೆಕ್ಕ ಹಾಕೋಣ, ಲೆಕ್ಕ ಶಾಖೆಯವರಾದ್ದರಿಂದ ನಿಮಗೆ ಬೇಸರವಾಗಲಾರದು. ಒಂದು ಚಹಾಕ್ಕೆ ಎರಡು ಚಮಚ, ಅಂದರೆ ಸುಮಾರು 10 ಗ್ರಾಂ ಸಕ್ಕರೆ. ದಿನಕ್ಕೆ 30 ಗ್ರಾಂ. ತಿಂಗಳಿಗೆ 24 ಕೆಲಸದ ದಿನಗಳಾದರೆ 720 ಗ್ರಾಂ. ಇನ್ನು ಪೇಡೆ: ಕಿಲೋಗೆ 40 ಬರುತ್ತವೆ ಎಂದು ಹಿಡಿದರೆ ಒಂದರ ತೂಕ 25 ಗ್ರಾಂ, ಅದರಲ್ಲಿ ಅರ್ಧ ಸಕ್ಕರೆಯೇ ಎಂದುಕೊಂಡರೂ ಹನ್ನೆರಡೂವರೆ ಗ್ರಾಂ. ವಾರಕ್ಕೆ ಮೂರರಂತೆ ತಿಂಗಳಿಗೆ 12 ಪೇಡೆ ತಿಂದರೆ 150 ಗ್ರಾಂ. ಅಂದರೆ ಎಲ್ಲರೂ ನೋಡುತ್ತಿರುವಾಗ ಸಂಕೋಚದಿಂದ ತಿಂದ ಸಕ್ಕರೆಗಿಂತ ಯಾರೂ ಗಮನಿಸದೆ ಕುಡಿದ ಸಕ್ಕರೆ ನಾಲ್ಕು ಪಟ್ಟಿಗೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ಆಹಾರಕ್ಕೆ ಹೊರಗಿನಿಂದ ಸೇರಿಸುವ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕೆಳಗಿಳಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಆ ಶೇ. 5 ಎಂದರೆ 25 ಗ್ರಾಂ. ನಿಮ್ಮ ಪಾಲು ಮೂರನೆಯ ಚಹಾದಲ್ಲೇ ಮುಗಿದಿದೆ, ಪೇಡೆಯ ಸರದಿ ಆಮೇಲಿನದು. ಬೆಲ್ಲವೂ ಇದೇ ಲೆಕ್ಕಕ್ಕೆ ಸೇರುತ್ತದೆ, ಹಾಗಾಗಿ ಕರದಂಟಿನಲ್ಲಿ ಬೆಲ್ಲ, ಅಂಟು, ಒಣ ಹಣ್ಣುಗಳೇ ಇರುವುದರಿಂದ ಅದು ಪಥ್ಯಕ್ಕೆ ನಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. "ಶುಗರ್ ಫ್ರೀ" ಎಂದು ಬರೆದ ಸಿಹಿಯಲ್ಲಿ ತುಪ್ಪ, ಖೋವಾ ಎರಡೂ ಇದ್ದೇ ಇರುತ್ತವೆ, ತೂಕಕ್ಕೆ ಅವೂ ಲೆಕ್ಕವೇ.

ಎರಡನೆಯದು, ಆ ಹನ್ನೊಂದೂವರೆಯ ಹೊತ್ತು. ಎಂಟಕ್ಕೆ ಒಂದು ತಟ್ಟೆ ಅವಲಕ್ಕಿ ತಿಂದು ಎರಡು ಗಂಟೆಯವರೆಗೆ ಏನೂ ತಿನ್ನದಿದ್ದರೆ ಆ ಹೊತ್ತಿಗೆ ಎಂಥವರ ಮನಸ್ಸಾದರೂ ಪೇಡೆಯತ್ತ ಹರಿಯುತ್ತದೆ. ಅದನ್ನು ಬಾಯಿ ಚಪಲವೆಂದು ನೀವು ಬೈದುಕೊಳ್ಳುತ್ತಿದ್ದೀರಿ, ಅದು ಬರಿಯ ಹಸಿವು. ಮುಂಜಾನೆಯ ತಿಂಡಿಯೊಂದಿಗೆ ಮೊಳಕೆ ಹೆಸರುಕಾಳು, ಮೊಟ್ಟೆ ಅಥವಾ ಮೊಸರು ಇರಲಿ. ಮೇಜಿನ ಖಾನೆಯಲ್ಲಿ ಪುಟಾಣಿಯದೊಂದು ಸಣ್ಣ ಡಬ್ಬಿ ಇರಲಿ. ಸಿಹಿ ತಿನ್ನಲೇಬೇಕಾಗಿ ಬಂದ ದಿನ ಅದನ್ನು ಊಟದ ಕೊನೆಯಲ್ಲಿ ತಿಂದು ಹತ್ತು ಹದಿನೈದು ನಿಮಿಷ ಅಡ್ಡಾಡಿ, ಬರಿ ಹೊಟ್ಟೆಗೆ ಬೇಡ.

ಇನ್ನು ಕಾಯಿಲೆಯನ್ನು ಮುಚ್ಚಿಡುವ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ವಯಸ್ಕರಲ್ಲಿ ಶೇ. 11.4ರಷ್ಟು ಜನರಿಗೆ ಮಧುಮೇಹವಿದೆ, ಶೇ. 15.3ರಷ್ಟು ಜನ ನಿಮ್ಮಂತೆ ಹೊಸ್ತಿಲ ಮೇಲಿದ್ದಾರೆ. ಈ ಸರಾಸರಿಯನ್ನು ನಿಮ್ಮ 26 ಜನರಿಗೆ ಹಚ್ಚಿದರೆ ಮೂವರು ಒಳಗೆ, ನಾಲ್ವರು ಹೊಸ್ತಿಲ ಮೇಲೆ. ಒಟ್ಟು ಏಳು ಜನ. ಅವರೂ ನಿಮ್ಮ ಹಾಗೆಯೇ ಸುಮ್ಮನೆ ಪೇಡೆ ತಿನ್ನುತ್ತಿರಬಹುದು. ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊಸ್ತಿಲ ಮೇಲಿದ್ದವರು ಆಹಾರ ಮತ್ತು ನಡಿಗೆಯನ್ನು ಸರಿಪಡಿಸಿಕೊಂಡದ್ದರಿಂದ ಮಧುಮೇಹಕ್ಕೆ ಜಾರುವ ಸಂಭವ ಶೇ. 28ರಷ್ಟು ತಗ್ಗಿತು, ಮಾತ್ರೆ ನುಂಗಿದವರಿಗೂ ಸುಮಾರು ಅಷ್ಟೇ ಲಾಭವಾಯಿತು. ನಿಮ್ಮ ವೈದ್ಯರು ಮಾತ್ರೆ ಬರೆಯದೆ ಕಳಿಸಿದ್ದನ್ನು ಉದಾಸೀನವೆಂದು ತಿಳಿಯಬೇಡಿ.

ಉತ್ತರ 3: ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ನಮ್ಮ ಶಾಖೆಯಲ್ಲಿ ಈ ಪದ್ಧತಿಯನ್ನೇ ಬದಲಿಸಲು ಹೋಗಿ ನಾನು ಕೈ ಸುಟ್ಟುಕೊಂಡಿದ್ದೇನೆ, ಎಚ್ಚರಿಕೆಗೆಂದು ಬರೆಯುತ್ತಿದ್ದೇನೆ. ನನ್ನ ಹುಟ್ಟುಹಬ್ಬಕ್ಕೆ ಮೈಸೂರು ಪಾಕಿನ ಬದಲು ಸೇಬು, ಮೋಸಂಬಿ ತಂದು ಎಲ್ಲರ ಮೇಜಿನ ಮೇಲೂ ಎರಡೆರಡು ಇಟ್ಟೆ. ನಮ್ಮ ಕ್ಯಾಷಿಯರ್ ಮೋಸಂಬಿಯನ್ನು ಕೈಯಲ್ಲಿ ಹಿಡಿದು, "ಏನ್ ಸಾರ್, ನಮ್ಮನ್ನು ಆಸ್ಪತ್ರೆಗೆ ನೋಡಲು ಬಂದ ಹಾಗಿದೆಯಲ್ಲ" ಎಂದರು. ಇಡೀ ಶಾಖೆ ನಕ್ಕಿತು, ಮಧ್ಯಾಹ್ನ ಅವರೇ ದುಡ್ಡು ಕೂಡಿಸಿ ಜಹಾಂಗೀರು ತರಿಸಿದರು.

ಮರು ವರ್ಷ ಪೇರಲೆ ಹಣ್ಣನ್ನು ಸೀಳಿ ಉಪ್ಪು-ಖಾರ ಹಚ್ಚಿಸಿ ತಂದೆ, ಜೊತೆಗೆ ಬೇಯಿಸಿದ ಕಡಲೆಕಾಯಿ. ಅದು ಹತ್ತು ನಿಮಿಷದಲ್ಲಿ ಖಾಲಿಯಾಯಿತು. ಸಿಹಿಗೆ ಬದಲಾಗಿ ಸಪ್ಪೆಯದನ್ನು ಕೊಟ್ಟರೆ ಅದು ಪಥ್ಯ. ನಾಲಿಗೆಗೆ ಚುರುಕು ಮುಟ್ಟಿಸುವಂಥದನ್ನು ಕೊಟ್ಟರೆ ಅದೂ ಸಮಾರಂಭವೇ. 2025ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಕಚೇರಿಗಳಲ್ಲಿ ಎಣ್ಣೆ ಮತ್ತು ಸಕ್ಕರೆಯ ಪ್ರಮಾಣ ತೋರಿಸುವ ಫಲಕ ಹಾಕಬೇಕೆಂದು ಸೂಚಿಸಿದಾಗ, ಸಮೋಸಾ-ಜಿಲೇಬಿಗೆ ಎಚ್ಚರಿಕೆಯ ಚೀಟಿ ಬರುತ್ತದೆಂದು ದೊಡ್ಡ ಸುದ್ದಿಯಾಗಿ, ಕೊನೆಗೆ ಸರ್ಕಾರವೇ ಹಾಗೇನೂ ಇಲ್ಲವೆಂದು ಸ್ಪಷ್ಟನೆ ಕೊಡಬೇಕಾಯಿತು. ಫಲಕದಿಂದ ಏನಾದರೂ ಆದೀತೆಂದು ನನಗೆ ನಂಬಿಕೆಯಿಲ್ಲ. ಅದರ ಕೆಳಗೇ ನಿಂತು ಜಿಲೇಬಿ ಹಂಚುವ ಜನ ನಾವು.

ಉತ್ತರ 4: ಡಬ್ಬಿ ತರುವವನು, ಹುಬ್ಬಳ್ಳಿ

ಮೇಡಂ ಅವರ ಮೇಜಿನ ಮುಂದೆ ನಿಂತವನು ನಾನಲ್ಲ, ಆದರೆ ನಾನೂ ಅಂಥವನೇ. ನನ್ನ ಮಗನಿಗೆ ಆರು ವರ್ಷ ಅಲೆದ ಮೇಲೆ ನೌಕರಿ ಸಿಕ್ಕಾಗ ನಾನು ಎರಡು ಕಿಲೋ ಪೇಡೆ ಒಯ್ದಿದ್ದೆ. ಒಬ್ಬರು ಡಬ್ಬಿಯ ಕಡೆ ನೋಡದೆ, ಸಕ್ಕರೆ ವಿಷವಿದ್ದಂತೆ ಎಂದು ಐದು ನಿಮಿಷ ಉಪದೇಶ ಮಾಡಿದರು. ಆ ದಿನದ ಬೇಸರ ಈಗಲೂ ಹೋಗಿಲ್ಲ. ವೈದ್ಯರು ಬೇಡವೆಂದಿದ್ದಾರೆ ಎಂಬ ಎರಡು ಶಬ್ದ ಸಾಕಿತ್ತು, ನಾನು ಮರುಮಾತಾಡುತ್ತಿರಲಿಲ್ಲ. ನಮ್ಮಂಥವರಿಗೆ ನಿಮ್ಮ ವರದಿಯ ಅಂಕಿ ಬೇಕಿಲ್ಲ. ಆದರೆ ಆಹಾರ ತಜ್ಞೆಯವರು ಹೇಳಿದ ಏಳು ಜನರ ಲೆಕ್ಕ ಓದಿದ ಮೇಲೆ, ತಿಂದು ತೋರಿಸಿರೆಂದು ನಾನು ಎಷ್ಟು ಜನರ ಮುಂದೆ ನಿಂತಿದ್ದೆನೋ ಎಂದು ಎಣಿಸುತ್ತ ಕುಳಿತಿದ್ದೇನೆ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಮೂರು ಚಹಾ ಎಂಬ ಊಹೆ ತಪ್ಪಿತ್ತು, ನಾನು ನಾಲ್ಕು ಕುಡಿಯುತ್ತಿದ್ದೆ. ಅದರಲ್ಲಿ ಸಕ್ಕರೆ ಕಡಿಮೆ ಮಾಡುವುದು ನನ್ನ ಕೈಯಲ್ಲಿರಲಿಲ್ಲ, ಏಕೆಂದರೆ ನಮಗೆ ಚಹಾ ಬರುವುದೇ ಕುದಿಸುವಾಗಲೇ ಸಕ್ಕರೆ ಹಾಕಿದ ದೊಡ್ಡ ಕಿಟ್ಲಿಯಲ್ಲಿ. ಕ್ಯಾಂಟೀನಿನವರನ್ನು ಕೇಳಿದಾಗ, ಒಬ್ಬರಿಗಾಗಿ ಬೇರೆ ಕುದಿಸಲಾಗದು, ಮೂರು ಕಪ್ಪಾದರೂ ಹೋಗಬೇಕು ಎಂದರು. ಪತ್ರಗಳ ಆವಕ-ಜಾವಕದಲ್ಲಿ ಕೂರುವ ಅಕ್ಕ ಅದನ್ನು ಕೇಳಿಸಿಕೊಂಡು, ನನ್ನದೂ ಒಂದಿರಲಿ ಎಂದರು. ಅವರಿಗೆ ಆರು ವರ್ಷದಿಂದ ಮಾತ್ರೆ ನಡೆದಿದೆಯಂತೆ. ಮೂರನೆಯ ಕಪ್ಪಿಗೆ ನಮ್ಮ ವಾಹನ ಚಾಲಕರು ಸೇರಿದರು.

ತೂಕ 1.4 ಕಿಲೋ ಇಳಿದಿದೆ. ಪೇಡೆ ಪೂರ್ತಿ ನಿಂತಿಲ್ಲ. ಈ ಮೂರು ವಾರಗಳಲ್ಲಿ ಬಂದ ಐದು ಡಬ್ಬಿಗಳಲ್ಲಿ ಎರಡಕ್ಕೆ ಶಿರಸ್ತೇದಾರ ಅಣ್ಣನವರು ಹೇಳಿದಂತೆ ಅರ್ಧ ಮುರಿದುಕೊಂಡೆ, ಎರಡಕ್ಕೆ ವೈದ್ಯರ ಹೆಸರು ಹೇಳಿದೆ, ಕುಂದಾ ಬಂದ ದಿನ ಮಾತ್ರ ಸೋತೆ.

ಸಕ್ಕರೆಯಿಲ್ಲದ ಚಹಾ ಈಗ ಸಣ್ಣ ಕಿಟ್ಲಿಯಲ್ಲಿ ಬರುತ್ತದೆ, ಗುರುತಿಗೆ ಅದರ ಹಿಡಿಕೆಗೆ ಕೆಂಪು ದಾರ ಕಟ್ಟಿದ್ದಾರೆ. ಮೊದಲ ದಿನ ಮೂರು ಕಪ್ ಬರುತ್ತಿದ್ದದ್ದು ಕಳೆದ ವಾರ ಆರಕ್ಕೆ ಏರಿತು. ನಿನ್ನೆ ಆರೂ ಮುಗಿದ ಮೇಲೆ, ಅಂದು ನನ್ನ ಮೇಜಿನ ಮುಂದೆ ಡಬ್ಬಿ ಹಿಡಿದು ನಿಂತಿದ್ದ ಹಿರಿಯರು ತಮ್ಮ ಲೋಟ ತೆಗೆದುಕೊಂಡು ಬಂದು, ಕೆಂಪು ದಾರದ ಕಿಟ್ಲಿಯನ್ನು ಎತ್ತಿ ಬಗ್ಗಿಸಿ ನೋಡಿದರು, ಚಹಾ ಉಳಿದಿರಲಿಲ್ಲ. ನಾಳೆಯಿಂದ ಏಳು ಕಪ್ ತರಲು ಹೇಳಿದ್ದೇವೆ.