ಕುಂದಾಪುರ ಕಡೆ ಕಡಲ ಪಕ್ಕದ ಮನೆ: ಪಡುವಣ ಗೋಡೆಗೆ ಹೊರಗಿನಿಂದ ಏನು ಹೊದಿಸಿದರೆ ಬಾಳಿಕೆ ಬರುತ್ತದೆ?

ಮಂಡಿಪೇಟೆ ಟೈಲರ್, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಮಂಡಿಪೇಟೆಯಲ್ಲಿ ಬಟ್ಟೆ ಹೊಲಿಯುವವನು. ಮನೆ ಕೆಲಸದಲ್ಲಿ ಅನುಭವ ಇಲ್ಲ. ಅಕ್ಕನ ಮನೆಯ ಒಂದು ಗೋಡೆ ವಿಷಯಕ್ಕೆ ಕೇಳುತ್ತಿದ್ದೇನೆ.

ಅಕ್ಕನನ್ನು ಕೊಟ್ಟಿರುವುದು ಕುಂದಾಪುರದಿಂದ ಆಚೆ, ತ್ರಾಸಿ ಕಡೆ. ಸಮುದ್ರಕ್ಕೆ ಮುನ್ನೂರು ಮೀಟರ್ ಇರಬಹುದು. ಭಾವ ತೀರಿಕೊಂಡು ಎರಡು ವರ್ಷ ಆಯಿತು. ಅಕ್ಕ ಒಬ್ಬಳೇ ಇದ್ದಾಳೆ. ತುಮಕೂರಿಗೆ ಬಂದುಬಿಡು ಅಂದರೆ ಒಪ್ಪುವುದಿಲ್ಲ. ಅವಳ ಇಷ್ಟ ಅದೇ ಆದರೆ ಅಲ್ಲೇ ಇರಲಿ, ಆದರೆ ಒಣಗಿದ ಮನೆಯಲ್ಲಿ ಇರಲಿ ಅನ್ನುವುದು ನನ್ನ ಆಸೆ.

ಮನೆ ಕಟ್ಟಿದ್ದು 1994ರಲ್ಲಿ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ, ಮೇಲೆ ಸಿಮೆಂಟ್ ಗಾರೆ, ಹೆಂಚಿನ ಮಾಡು. ಪಡುವಣಕ್ಕೆ ಮುಖ ಮಾಡಿರುವ ಗೋಡೆ 28 ಅಡಿ ಉದ್ದ, 10 ಅಡಿ ಎತ್ತರ. ತೊಂದರೆ ಇರುವುದೆಲ್ಲ ಅದೊಂದೇ ಗೋಡೆಯಲ್ಲಿ. ನಮ್ಮ ಕಡೆ ವರ್ಷಕ್ಕೆ 600-700 ಮಿಲಿಮೀಟರ್ ಮಳೆ ಬಂದರೆ ಕೆರೆ ನೋಡಲು ಹೋಗುತ್ತೇವೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮೂರು ಸಾವಿರ ದಾಟುತ್ತದೆ. ಅದೂ ಮೇಲಿಂದ ಬೀಳುವ ಮಳೆಯಲ್ಲ, ಸಮುದ್ರದ ಕಡೆಯಿಂದ ಅಡ್ಡಡ್ಡ ಹೊಡೆಯುವ ಎರಚಲು.

ಮೂರು ವರ್ಷದ ಕೆಳಗೆ ಆ ಗೋಡೆಗೆ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದ್ದೆವು. ಹೋದ ವಾರ ಹೋಗಿ ನೋಡಿದೆ. ಪೇಂಟು ಪೂರಿ ಹಾಗೆ ಅಲ್ಲಲ್ಲಿ ಉಬ್ಬಿತ್ತು. ಒಂದು ಉಬ್ಬನ್ನು ಉಗುರಿನಿಂದ ಒತ್ತಿದೆ. ಒಡೆದು, ನೀರು ಮೊಣಕೈವರೆಗೆ ಇಳಿಯಿತು. ನಾಲಿಗೆಗೆ ಮುಟ್ಟಿಸಿಕೊಂಡರೆ ಉಪ್ಪು. ಒಳಗೆ ಅದೇ ಗೋಡೆಗೆ ಒತ್ತಿಕೊಂಡು ಬೀರು ಇದೆ. ಭಾವನ ಅಂಗಿಗಳನ್ನು ಅಕ್ಕ ಇನ್ನೂ ಅದರಲ್ಲಿ ಮಡಿಚಿಟ್ಟಿದ್ದಾಳೆ. ಎಲ್ಲಾ ನಾನೇ ಹೊಲಿದವು. ಕಾಲರ್ ತುಂಬಾ ಕಪ್ಪು ಬೂಷ್ಟು. ಅದನ್ನು ನೋಡಿದ ಮೇಲೆ ಈ ಸಲ ಸುಮ್ನೆ ಬಿಡಬಾರದು ಅನ್ನಿಸಿತು.

ಇದಕ್ಕೆ ಮೊದಲು ಒಮ್ಮೆ ಕಬ್ಬಿಣದ ಪೈಪು ನಿಲ್ಲಿಸಿ ಶೀಟ್ ಹೊಡೆಸಿದ್ದರು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ನಾಲ್ಕು ಶೀಟು ಕಿತ್ತುಕೊಂಡು ಹೋದವು. ಒಂದು ಪಕ್ಕದ ತೋಟದಲ್ಲಿ ಸಿಕ್ಕಿತು. ಶೀಟು ಹರಿದಿರಲಿಲ್ಲ. ಸ್ಕ್ರೂಗಳ ತಲೆ ತುಕ್ಕು ತಿಂದು ಉದುರಿದ್ದವು.

ಈಗ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಣ್ಣದ ಉಕ್ಕಿನ ಶೀಟು, ಸಿಮೆಂಟ್ ಬೋರ್ಡು, ಪಿವಿಸಿ ಪಟ್ಟಿ, ಗ್ರಾನೈಟ್. ನಮ್ಮ ಕಡೆ ಕಲ್ಲಿಗೆ ಬರವಿಲ್ಲ, ಇಲ್ಲಿಂದಲೇ ಲಾರಿಯಲ್ಲಿ ಕಳಿಸೋಣ ಅಂತಲೂ ಯೋಚಿಸಿದೆ. ಕೈಯಲ್ಲಿರುವುದು ಒಂದು ಲಕ್ಷ. ಇನ್ನೊಂದು ಸಲ ಖರ್ಚು ಮಾಡುವ ಶಕ್ತಿ ಅಕ್ಕನಿಗೂ ಇಲ್ಲ, ನನಗೂ ಇಲ್ಲ. ತಿಳಿದವರು ಹೇಳಿ.

ಶಿರಾ ಗೇಟ್ ಸೂಪರ್‌ವೈಸರ್

ನಾನು ಹುಟ್ಟಿದ್ದು ಕೋಟೇಶ್ವರದಲ್ಲಿ. ಹದಿನೆಂಟು ವರ್ಷದಿಂದ ತುಮಕೂರಿನಲ್ಲಿ ಕಟ್ಟಡದ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಎರಡೂ ಕಡೆಯ ಗೋಡೆ ಗೊತ್ತು. ಇಲ್ಲಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಮೊದಲು ಆ ಪೇಂಟಿನ ವಿಷಯ. ಮುರಕಲ್ಲು ತೂತು ತೂತಿನ ಕಲ್ಲು, ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ನೀವು ಹೊರಗಿನಿಂದ ಪ್ಲಾಸ್ಟಿಕ್ಕಿನಂಥ ಪದರ ಬಳಿದಿರಿ. ಬಿರುಕಿನಿಂದ, ಕಿಟಕಿ ಸಂದಿನಿಂದ ನೀರು ಹೇಗೋ ಒಳಗೆ ಹೋಯಿತು. ಹೊರಗೆ ಬರಲು ದಾರಿ ಇಲ್ಲ. ಅದಕ್ಕೇ ಉಬ್ಬಿದ್ದು, ಅದಕ್ಕೇ ಬೀರುವಿನ ಕಡೆ ತೇವ ತಿರುಗಿದ್ದು. ಏನೇ ಹೊದಿಸಿದರೂ ಮೊದಲು ಆ ಪೇಂಟನ್ನು ಕೆರೆದು ತೆಗೆಸಿ. ಒಳಗಡೆ ಸುಣ್ಣ ಬಳಿಸಿ. ಬೀರುವನ್ನು ಇವತ್ತೇ ಗೋಡೆಯಿಂದ ಅರ್ಧ ಅಡಿ ಈಚೆಗೆ ಎಳೆಯಲು ಹೇಳಿ.

ಗ್ರಾನೈಟ್ ಬೇಡ. ಕಲ್ಲು ಹಾಳಾಗುವುದಿಲ್ಲ, ಹಾಳಾಗುವುದು ಅದರ ಹಿಂದೆ. 20 ಮಿಲಿಮೀಟರ್ ದಪ್ಪದ ಕಲ್ಲು ಚದರ ಮೀಟರಿಗೆ 54 ಕಿಲೋ ಬರುತ್ತದೆ. ನಿಮ್ಮ 280 ಚದರ ಅಡಿಗೆ ಸುಮಾರು 1,400 ಕಿಲೋ. ಅಷ್ಟು ಭಾರವನ್ನು ಉಪ್ಪು ತಿಂದ ಗಾರೆಗೆ ಅಂಟಿಸಿದರೆ ಒಂದು ದಿನ ಗಾರೆ ಸಮೇತ ಕಳಚಿ ಬೀಳುತ್ತದೆ. ಕೆಳಗೆ ಅಕ್ಕ ಬಟ್ಟೆ ಒಣಗಿಸುತ್ತಿದ್ದರೆ? ಪಿವಿಸಿ ಪಟ್ಟಿಯೂ ಬೇಡ. ಅಂಗಡಿಯಲ್ಲಿ ಸಿಗುವುದು ಬಹುಪಾಲು ಮನೆ ಒಳಗಿನ ಅಲಂಕಾರದ್ದು. ಪಡುವಣ ಬಿಸಿಲಿಗೆ ಹಿಗ್ಗುತ್ತದೆ, ಬಾಗುತ್ತದೆ, ನಾಲ್ಕಾರು ಬೇಸಿಗೆ ಆದ ಮೇಲೆ ಪೆಡಸಾಗಿ ಗಾಳಿಗೆ ಒಡೆಯುತ್ತದೆ.

ನನ್ನ ಆಯ್ಕೆ ಫೈಬರ್ ಸಿಮೆಂಟ್ ಬೋರ್ಡ್. ಸಿಮೆಂಟು, ಮರಳಿನ ಪುಡಿ, ನಾರು ಸೇರಿಸಿ ಒತ್ತಿ ಮಾಡಿದ್ದು. ಗೆದ್ದಲು ತಿನ್ನುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. 8 ಮಿಲಿಮೀಟರಿನದು ಚದರ ಮೀಟರಿಗೆ 11 ಕಿಲೋ ಆಸುಪಾಸು. ಐಎಸ್ 14862 (ಇಂಥ ಬೋರ್ಡಿನ ಭಾರತೀಯ ಮಾನಕ) ಗುರುತು ಇರುವುದನ್ನೇ ಕೇಳಿ. ಉದ್ದ ಪಟ್ಟಿಗಳಾಗಿ ಹಾಕಿಸಿ, ಮೇಲಿನ ಪಟ್ಟಿ ಕೆಳಗಿನದರ ಮೇಲೆ ಒಂದೂಕಾಲು ಇಂಚು ಹತ್ತಬೇಕು, ಹೆಂಚು ಹೊದಿಸಿದ ಹಾಗೆ.

ಆದರೆ ಬೋರ್ಡನ್ನು ಗೋಡೆಗೆ ಅಂಟಿಸಬಾರದು. ಇದು ತುಂಬಾ ಮುಖ್ಯ. ಗೋಡೆಗೆ ಅಲ್ಯೂಮಿನಿಯಂ ಪಟ್ಟಿ ನಿಲ್ಲಿಸಿ ಅದರ ಮೇಲೆ ಬೋರ್ಡು ಹೊಡೆಯಬೇಕು. ನಡುವೆ ಮುಕ್ಕಾಲು ಇಂಚಾದರೂ ಗಾಳಿ ಆಡಬೇಕು, ಕೆಳಗೂ ಮೇಲೂ ತೆರೆದಿರಬೇಕು. ಬೋರ್ಡಿನ ಸಂದಿನಲ್ಲಿ ನುಗ್ಗಿದ ನೀರು ಹಿಂದೆಯೇ ಇಳಿದು ಕೆಳಗೆ ಹೋಗುತ್ತದೆ, ಗೋಡೆಯೂ ಉಸಿರಾಡುತ್ತದೆ. ಬೋರ್ಡಿನ ಕೆಳಗಿನ ಅಂಚು ನೆಲದಿಂದ ಅರ್ಧ ಅಡಿ ಮೇಲಿರಲಿ. ಇಲ್ಲದಿದ್ದರೆ ಅಂಗಳದಲ್ಲಿ ಸಿಡಿಯುವ ನೀರನ್ನೇ ಕುಡಿಯುತ್ತಿರುತ್ತದೆ. ಕತ್ತರಿಸಿದ ಪ್ರತಿ ಅಂಚಿಗೂ ಅವತ್ತೇ ಪ್ರೈಮರ್ ಬಳಿಯಬೇಕು. ಕತ್ತರಿಸುವವರು ಮೂಗಿಗೆ ಸರಿಯಾದ ಮಾಸ್ಕ್ ಹಾಕಿಕೊಳ್ಳಲಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಅಲ್ಯೂಮಿನಿಯಂ ಒದ್ದೆ ಸಿಮೆಂಟಿಗೆ ನೇರ ತಾಗಬಾರದು, ಸಿಮೆಂಟಿನ ಕ್ಷಾರ ಅದನ್ನು ತಿನ್ನುತ್ತದೆ. ಮಧ್ಯೆ ರಬ್ಬರ್ ತುಂಡು ಇಡಿಸಿ.

ಮಾಲೂರು ಫ್ಯಾಬ್ರಿಕೇಶನ್, ಕೋಲಾರ

ಶೀಟು, ಚಾನೆಲ್ಲು ನನ್ನ ದಿನದ ಕೆಲಸ. ಸೂಪರ್‌ವೈಸರ್ ಸರ್ ಹೇಳಿದ್ದು ಸರಿಯಾಗಿದೆ. ಸ್ಕ್ರೂ ಬಗ್ಗೆ ಇನ್ನಷ್ಟು ಹೇಳಲೇಬೇಕು, ಟೈಲರ್ ಅಣ್ಣನ ಶೀಟು ಹಾರಿದ್ದೇ ಸ್ಕ್ರೂನಿಂದ.

ಭಟ್ಕಳದಲ್ಲಿ ಒಂದು ಗೋದಾಮಿಗೆ ನಾನು ಕೆಲಸ ಮಾಡಿದ್ದೆ. ನಮ್ಮ ಕೋಲಾರದ ಅಭ್ಯಾಸದಲ್ಲೇ ಮಾಡಿದೆ. ಶೀಟನ್ನು ಗ್ರೈಂಡರಿನಲ್ಲಿ ಕತ್ತರಿಸಿದೆವು. ಕಿಡಿ ಹಾರಿ ಬಣ್ಣದ ಮೇಲೆ ಬಿದ್ದ ಒಂದೊಂದು ಚುಕ್ಕೆಯೂ ಮುಂದಿನ ಮಳೆಗಾಲಕ್ಕೆ ತುಕ್ಕಿನ ಕಲೆಯಾಗಿತ್ತು. ಕತ್ತರಿಸಿದ ಅಂಚಿನಲ್ಲಿ ಲೇಪ ಸುಟ್ಟುಹೋಗಿತ್ತು. ನನ್ನ ಖರ್ಚಿನಲ್ಲೇ ಬದಲಾಯಿಸಿ ಕೊಟ್ಟೆ. ಮಾಲೂರಿನಲ್ಲಿ ಅದೇ ಕೆಲಸ ಹತ್ತು ವರ್ಷವಾದರೂ ಹಾಗೇ ಇದೆ.

ಉಕ್ಕಿನ ಶೀಟಿನಲ್ಲಿ ಒಳ್ಳೆಯದು ಗ್ಯಾಲ್ವಲ್ಯೂಮ್, ಅದರ ಲೇಪದಲ್ಲಿ 55 ಪರ್ಸೆಂಟ್ ಅಲ್ಯೂಮಿನಿಯಂ, ಉಳಿದದ್ದು ಬಹುಪಾಲು ಸತು. ಆದರೂ ಸಮುದ್ರಕ್ಕೆ ಮುನ್ನೂರು ಮೀಟರ್ ಅಂದರೆ ನಾನು ಧೈರ್ಯ ಮಾಡುವುದಿಲ್ಲ. ಮಳೆ ತೊಳೆಯುವ ಜಾಗ ಹೇಗೋ ಉಳಿಯುತ್ತದೆ. ಸೂರಿನ ಕೆಳಗೆ, ಮಳೆ ಬೀಳದ ಜಾಗದಲ್ಲಿ ಉಪ್ಪು ಕೂತುಬಿಡುತ್ತದೆ, ತುಕ್ಕು ಶುರುವಾಗುವುದೇ ಅಲ್ಲಿಂದ.

ಈಗ ಸ್ಕ್ರೂ. ಅಂಗಡಿಯಲ್ಲಿ ಸ್ಟೇನ್‌ಲೆಸ್ ಅಂತ ಕೊಡುವ ಸೆಲ್ಫ್ ಡ್ರಿಲ್ಲಿಂಗ್ (ತಾನೇ ಕೊರೆದುಕೊಂಡು ಹೋಗುವ) ಸ್ಕ್ರೂ ಸಾಮಾನ್ಯವಾಗಿ 410 ಅನ್ನುವ ದರ್ಜೆಯ ಉಕ್ಕಿನದು. ಅದು ಕಡಲ ಗಾಳಿಗೆ ತುಕ್ಕು ಹಿಡಿಯುತ್ತದೆ. ನಿಮಗೆ ಬೇಕಾಗಿರುವುದು 316. ಆಯಸ್ಕಾಂತ ತೆಗೆದುಕೊಂಡು ಹೋಗಿ. ಗಟ್ಟಿಯಾಗಿ ಅಂಟಿದರೆ ಅಲ್ಲೇ ವಾಪಸ್ ಕೊಡಿ. ಅಂಟದಿದ್ದರೆ 304 ಇರಬಹುದು, 316 ಇರಬಹುದು, ಆಯಸ್ಕಾಂತಕ್ಕೆ ಅವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಪೆಟ್ಟಿಗೆಯ ಮೇಲೆ ಎ4 ಅಂತ ಇದೆಯಾ ನೋಡಿ, 316ಕ್ಕೆ ಅದೇ ಗುರುತು. ಎ2 ಅಂದರೆ 304. 316 ಮೆತ್ತಗಿನ ಸ್ಕ್ರೂ, ತಾನೇ ಕೊರೆದುಕೊಂಡು ಹೋಗುವುದಿಲ್ಲ. ಮೊದಲೇ ತೂತು ಹಾಕಿ ಬಿಗಿಯಬೇಕು. ಹುಡುಗರು ಬೇಸರಪಡುತ್ತಾರೆ, ನೀವು ಪಕ್ಕದಲ್ಲೇ ನಿಂತಿರಿ.

ಇನ್ನೊಂದು ಮಾತು. ಗಾಳಿಗೆ ಲೆಕ್ಕ ಹಾಕುವ ಐಎಸ್ 875ರಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಕೊಟ್ಟಿದ್ದಾರೆ. ಆರು ಮೀಟರ್ ತಾನೇ ಅನ್ನಿಸುತ್ತದೆ ಅಲ್ವಾ? ಗಾಳಿಯ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಅಂದರೆ ನಮ್ಮ ಕಡೆಗಿಂತ ಸುಮಾರು 40 ಪರ್ಸೆಂಟ್ ಜಾಸ್ತಿ ಒತ್ತಡ. ಇಲ್ಲಿ ಎರಡಡಿಗೊಂದು ಚಾನೆಲ್ (ಬೋರ್ಡು ಹೊಡೆಯುವ ಲೋಹದ ಪಟ್ಟಿ) ನಿಲ್ಲಿಸಿದರೆ ಅಲ್ಲಿ ಒಂದೂಕಾಲು ಅಡಿಗೆ ನಿಲ್ಲಿಸಿ. ಗೋಡೆಯ ಎರಡೂ ಮೂಲೆಯಲ್ಲಿ ಗಾಳಿ ಹೀರಿ ಎಳೆಯುತ್ತದೆ, ಅಲ್ಲಿ ಸ್ಕ್ರೂ ಇನ್ನೂ ಹತ್ತಿರ ಇರಲಿ.

ತಿಪಟೂರು ತೆಂಗಿನ ತೋಟ

ಅಣ್ಣ, ಬೋರ್ಡು ಸ್ಕ್ರೂ ಬಗ್ಗೆ ನನಗೆ ತಿಳಿಯದು. ನಮ್ಮ ಚಿಕ್ಕಮ್ಮನ ಮನೆ ಬ್ರಹ್ಮಾವರ. ಚಿಕ್ಕವಳಿದ್ದಾಗ ಬೇಸಿಗೆ ರಜೆಗೆ ಹೋಗುತ್ತಿದ್ದೆ. ಮೇ ಕೊನೆಗೆ ಪಡುವಣ ಗೋಡೆಗೆ ತಟ್ಟಿ ಕಟ್ಟುತ್ತಿದ್ದರು. ನಾವು ತೆಂಗಿನ ಗರಿ ಅನ್ನುವುದನ್ನು ಅವರು ಮಡಲು ಅನ್ನುತ್ತಾರೆ. ಅದನ್ನು ಹೆಣೆದು, ಅಡಿಕೆ ದಬ್ಬೆಗೆ ಬಿಗಿದು, ಗೋಡೆಯಿಂದ ಒಂದು ಗೇಣು ಈಚೆ ನಿಲ್ಲಿಸುತ್ತಿದ್ದರು. ನಾನು ಆ ಸಂದಿಗೆ ಕೈ ಹಾಕಿ ನೋಡುತ್ತಿದ್ದೆ. ಹೊರಗೆ ಧೋ ಅಂತ ಮಳೆ, ಒಳಗೆ ಗೋಡೆ ಬೆಚ್ಚಗೆ ಒಣಗಿರುತ್ತಿತ್ತು. ಮಳೆಗಾಲ ಮುಗಿದ ಮೇಲೆ ಬಿಚ್ಚಿ ಬಚ್ಚಲ ಒಲೆಗೆ ಹಾಕುತ್ತಿದ್ದರು.

ಮೇಲಿನವರು ಹೇಳಿದ ಗಾಳಿ ಸಂದೂ ಇದೂ ಒಂದೇ ಅಲ್ವಾ? ಈಗ ಜುಲೈ. ಬೋರ್ಡಿನ ಕೆಲಸ ಮಳೆಯಲ್ಲಿ ಆಗುವುದಿಲ್ಲ. ಈ ವರ್ಷಕ್ಕೆ ಅಕ್ಕನಿಗೆ ತಟ್ಟಿ ಕಟ್ಟಿಸಿ ಕೊಡಿ. ಮಾಡು ಮುಂದಕ್ಕೆ ಎಷ್ಟು ಚಾಚಿದೆ ಅಂತಲೂ ನೋಡಿ. ಚಿಕ್ಕಮ್ಮನ ಮನೆಯ ಸೂರು ಮೂರಡಿ ಹೊರಗಿತ್ತು.

ಮಂಡಿಪೇಟೆ ಟೈಲರ್, ತುಮಕೂರು

ಎಲ್ಲರಿಗೂ ಕೈ ಮುಗಿಯುತ್ತೇನೆ. ತಂಗಿ, ನೀವು ಹೇಳಿದ ಮೇಲೆ ಅಕ್ಕನಿಗೆ ಫೋನ್ ಮಾಡಿ ಸೂರು ಅಳೆಯಲು ಹೇಳಿದೆ. ಒಂದೂವರೆ ಅಡಿ ಅಷ್ಟೇ ಇದೆ. ತಟ್ಟಿ ಅಂದ ಕೂಡಲೇ ಅವಳು, "ನಮ್ಮ ಅತ್ತೆ ಇರುವವರೆಗೆ ಕಟ್ಟುತ್ತಿದ್ದರು, ಆಮೇಲೆ ನಾವೇ ಬಿಟ್ಟೆವು" ಅಂದಳು. ಮಡಲು ಹೆಣೆಯುವವರು ಊರಲ್ಲಿ ಒಬ್ಬರು ಉಳಿದಿದ್ದಾರಂತೆ, ಹೇಳಿ ಕಳಿಸಿದ್ದಾಳೆ.

ಬೋರ್ಡಿನ ಕೆಲಸ ನನಗೆ ಅರ್ಥವಾಯಿತು. ಕೋಟಿಗೆ ಲೈನಿಂಗ್ ಹಾಕುವಾಗ ಸ್ವಲ್ಪ ಸಡಿಲ ಬಿಡುತ್ತೇವೆ, ಬಿಗಿ ಹೊಲಿದರೆ ಎರಡೂ ಸುಕ್ಕಾಗುತ್ತವೆ. ಇಲ್ಲಿಯೂ ಹಾಗೆಯೇ.

ಎರಡು ಅನುಮಾನ ಉಳಿದಿವೆ. ಆ ಸಂದಿನಲ್ಲಿ ಹಾವು, ಇಲಿ ಸೇರಿಕೊಂಡರೆ? ಅಕ್ಕ ಒಬ್ಬಳೇ ಇರುವ ಮನೆ. ಮತ್ತೆ ಮುರಕಲ್ಲಿನ ಗೋಡೆಗೆ ಬೋಲ್ಟ್ ನಿಲ್ಲುತ್ತದಾ? ಹಳೆ ಪೈಪಿನ ಬೋಲ್ಟನ್ನು ನಾನು ಕೈಯಲ್ಲಿ ಎಳೆದರೆ ಕೆಂಪು ಪುಡಿ ಸಮೇತ ಬಂತು.

ಶಿರಾ ಗೇಟ್ ಸೂಪರ್‌ವೈಸರ್

ಕೆಳಗೂ ಮೇಲೂ ಸಣ್ಣ ತೂತಿನ ಅಲ್ಯೂಮಿನಿಯಂ ಪಟ್ಟಿ ಅಥವಾ ಸ್ಟೇನ್‌ಲೆಸ್ ಬಲೆ ಹೊಡೆಸಿ. ಗಾಳಿ, ನೀರು ಹೋಗುತ್ತದೆ, ಹಾವು ಹೋಗುವುದಿಲ್ಲ. ಕೆಲಸದವರು ಇದನ್ನು ಮರೆಯುತ್ತಾರೆ, ಮೊದಲೇ ಹೇಳಿ.

ಬೋಲ್ಟ್ ವಿಷಯ ನೀವೇ ಕಂಡುಕೊಂಡಿದ್ದೀರಿ. ಮುರಕಲ್ಲು ಮೆತ್ತಗಿನ ಕಲ್ಲು. ಒಳಗೆ ಹಿಗ್ಗಿ ಕಚ್ಚಿಕೊಳ್ಳುವ ಆಂಕರ್ ಬೋಲ್ಟ್ ಹಾಕಿದರೆ ಕಲ್ಲೇ ಸೀಳುತ್ತದೆ. ಅಂಟು ತುಂಬಿ ಕೂರಿಸುವ ಕೆಮಿಕಲ್ ಆಂಕರ್ ಹಾಕಿಸಿ, ತೂತಿನೊಳಗೆ ಕೂರುವ ಜಾಲರಿ ಕೊಳವೆಯ ಜೊತೆ. ಇಲ್ಲದಿದ್ದರೆ ಅಂಟೆಲ್ಲ ಕಲ್ಲಿನ ತೂತಿಗೆ ಹರಿದು ಹೋಗುತ್ತದೆ. ತೂತು ಕಲ್ಲಿನ ನಡುವಿಗೆ ಬರಬೇಕು, ಕಲ್ಲುಗಳ ಕೂಡುಗೆರೆಗೆ ಬೇಡ. ಗಾರೆ ಮೇಲೆ ಕೂಡುಗೆರೆ ಕಾಣುವುದಿಲ್ಲ, ತಟ್ಟಿ ನೋಡಿ ಒಂದೆರಡು ಕಡೆ ಕೆರೆದು ಗುರುತು ಮಾಡಿಕೊಳ್ಳಲಿ. ಮೊದಲು ಎರಡೇ ಆಂಕರ್ ಹಾಕಿಸಿ, ಮಾರನೇ ದಿನ ಒಬ್ಬ ಆಳು ಜೋತು ಬಿದ್ದು ನೋಡಲಿ. ನಿಂತರೆ ಮಾತ್ರ ಮುಂದಿನದು.

ಸೂರನ್ನು ಇನ್ನೊಂದು ಅಡಿ ಮುಂದೆ ತರುವುದು ಒಳ್ಳೆಯದು. ಆದರೆ ತೀರಾ ಉದ್ದ ಮಾಡಿದರೆ ಗಾಳಿ ಕೆಳಗಿನಿಂದ ಎತ್ತುತ್ತದೆ. ತುದಿಯ ಹೆಂಚುಗಳನ್ನು ರೀಪಿಗೆ ಕಟ್ಟಿಸಿ. ಕೆಲಸಕ್ಕೆ ಡಿಸೆಂಬರ್ ಕಳೆಯಲಿ. ಅಲ್ಲಿಯವರೆಗೆ ಪೇಂಟು ಕೆರೆದ ಗೋಡೆ ಬಿಸಿಲಿಗೆ ತೆರೆದಿರಲಿ, ಒಣಗಲು ತಿಂಗಳುಗಟ್ಟಲೆ ಬೇಕು.

ಮಂಡಿಪೇಟೆ ಟೈಲರ್, ತುಮಕೂರು

ನಿನ್ನೆ ತಟ್ಟಿ ಕಟ್ಟಿ ಮುಗಿಸಿದರು. ಅಕ್ಕ ಫೋಟೋ ಕಳಿಸಿದ್ದಾಳೆ. ಬೀರು ನಡುಮನೆಗೆ ಬಂದಿದೆ. ಅಂಗಿಗಳನ್ನು ಮುಂದಿನ ವಾರ ಬಸ್ಸಿನಲ್ಲಿ ಇಲ್ಲಿಗೆ ಕಳಿಸುತ್ತಾಳೆ, ಬೂಷ್ಟು ತೆಗೆದು ಇಸ್ತ್ರಿ ಮಾಡಿ ಕೊಡುತ್ತೇನೆ.

ಸಿಮೆಂಟ್ ಬೋರ್ಡೇ ಅಂತ ತೀರ್ಮಾನ ಮಾಡಿದ್ದೇವೆ. ಅಕ್ಟೋಬರ್ ಕೊನೆಗೆ ಪೇಂಟು ಕೆರೆಯಲು ನಾನೇ ಹೋಗುತ್ತೇನೆ. ಮಾಲೂರಿನವರೇ, 316 ಸ್ಕ್ರೂ ಇವತ್ತು ಇಲ್ಲಿ ಮೂರು ಅಂಗಡಿಯಲ್ಲಿ ಕೇಳಿದೆ. ಎರಡು ಕಡೆ ಆಯಸ್ಕಾಂತಕ್ಕೆ ಟಕ್ ಅಂತ ಅಂಟಿದವು. ಮೂರನೆಯವರು ಎ4 ಗುರುತಿನದು ತರಿಸಿ ಕೊಡುತ್ತೇನೆ ಅಂದಿದ್ದಾರೆ. ಗೋಡೆ ಅಳತೆಗೆ ಎಷ್ಟು ಬೇಕಾಗಬಹುದು, ಲೆಕ್ಕ ಹಾಕಿ ಹೇಳುತ್ತೀರಾ?

ಮಾಲೂರು ಫ್ಯಾಬ್ರಿಕೇಶನ್, ಕೋಲಾರ

ಕಿಟಕಿ ಎಷ್ಟಿವೆ, ಅಳತೆ ಏನು, ಬೋರ್ಡಿನ ಪಟ್ಟಿ ಎಷ್ಟು ಅಗಲದ್ದು ಅಂತ ಬರೆಯಿರಿ ಅಣ್ಣ. ಇವತ್ತು ರಾತ್ರಿಯೇ ಕೂತು ಲೆಕ್ಕ ಹಾಕಿ ಕಳಿಸುತ್ತೇನೆ. ಬಂದ ಲೆಕ್ಕಕ್ಕಿಂತ ನೂರು ಜಾಸ್ತಿ ತರಿಸಿ. ಆ ಊರಲ್ಲಿ ಕೆಲಸ ಅರ್ಧಕ್ಕೆ ನಿಂತಾಗ ಕೈಗೆ ಸಿಕ್ಕಿದ ಸ್ಕ್ರೂ ಹಾಕಿಬಿಡುತ್ತಾರೆ.